ಸೆರೆಯಾಳನ್ನು ಮುಂದೆ ತಂದು ನಿಲ್ಲಿಸಿ

ಹಕ್ಕು ಎಂಬ ಮಾತು ನಮಗೆ ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಉಂಟು, ಒಬ್ಬನಿಗೆ ನ್ಯಾಯವಾಗಿ ಸಲ್ಲತಕ್ಕದ್ದು ಎಂಬ ಅರ್ಥವೂ ಉಂಟು. ನಮ್ಮ ಸಂವಿಧಾನದ ಮೂರನೆಯ ಭಾಗಕ್ಕೆ ಹಿಂದಿಯವರು ‘ಮೂಲ ಅಧಿಕಾರ’ ಎಂದು ಹೆಸರಿಟ್ಟಿದ್ದಾರೆ. ನಾವು ‘ಮೂಲಭೂತ ಹಕ್ಕುಗಳು’ ಎನ್ನುತ್ತೇವೆ. ಕನ್ನಡದಲ್ಲಿ ಅಧಿಕಾರವೆಂದರೆ ಕಚೇರಿಯ ಒಳಗೆ ಕುರ್ಚಿಯ ಮೇಲೆ ಕುಳಿತವನದು, ಹಕ್ಕು ಎಂದರೆ ಹೊರಗೆ ಅರ್ಜಿ ಹಿಡಿದು ನಿಂತವನದು. ಎರಡಕ್ಕೂ ಒಂದೇ ಮಾತನ್ನು ಬಳಸುವ ಇಕ್ಕಟ್ಟು ನಮಗೆ ಒದಗಲಿಲ್ಲವೆಂಬುದು, ಜೀವಮಾನವೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೆ, ಒಂದು ಭಾಗ್ಯವೆಂದೇ ತೋರುತ್ತದೆ.

ಕಾನೂನು ನನ್ನ ಶಾಸ್ತ್ರವಲ್ಲ. ಆದರೆ ಸಂವಿಧಾನವನ್ನು ವಕೀಲರ ಕಪಾಟಿಗೆ ಬಿಟ್ಟುಕೊಡುವುದಕ್ಕೂ ನನ್ನ ಮನಸ್ಸು ಒಪ್ಪದು. ವ್ಯಕ್ತಿಸ್ವಾತಂತ್ರ್ಯವೆಂಬುದು ವಿಸ್ತಾರವಾದ ವಿಷಯ. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿ ಅಡಕ. ಅವೆಲ್ಲಕ್ಕೂ ತಳಹದಿಯಾದ ಒಂದು ಹಕ್ಕು ನಮ್ಮ ದೇಶದಲ್ಲಿ ಒಮ್ಮೆ ಹೇಗೆ ಇಲ್ಲವಾಯಿತು, ಇಲ್ಲವಾದಾಗ ಏನು ನಡೆಯಿತು ಎಂಬಷ್ಟನ್ನು ಮಾತ್ರ ಇಲ್ಲಿ ತಮ್ಮ ಮುಂದಿಡುತ್ತೇನೆ.

ಲ್ಯಾಟಿನ್ನಿನಲ್ಲಿ ‘ಹೇಬಿಯಸ್ ಕಾರ್ಪಸ್’ ಎಂಬ ನುಡಿಯಿದೆ. ‘ದೇಹವು ನಿನ್ನೊಡನಿರಲಿ’ ಎಂದು ಅದರ ಶಬ್ದಾರ್ಥ. ಒಬ್ಬನನ್ನು ಹಿಡಿದಿಟ್ಟವನಿಗೆ ನ್ಯಾಯಾಲಯ ಕಳುಹಿಸುವ ಆಜ್ಞೆ ಅದು: ನೀನು ಸೆರೆಯಲ್ಲಿಟ್ಟಿರುವ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸು, ಯಾವ ಕಾನೂನಿನ ಬಲದಿಂದ ಸೆರೆಯಲ್ಲಿಟ್ಟೆ ಎಂಬುದನ್ನು ಹೇಳು. ಇಂಗ್ಲೆಂಡಿನಲ್ಲಿ ಇದು ಬಹು ಹಳೆಯದು, 1679ರಲ್ಲಿ ಶಾಸನವಾಗಿ ಗಟ್ಟಿಗೊಂಡದ್ದು. ಸೆರೆಯಾಳು ಒಳ್ಳೆಯವನೋ ಕೆಟ್ಟವನೋ, ಅವನ ಪಕ್ಷ ಯಾವುದು ಎಂಬ ಗೊಡವೆ ಈ ಆಜ್ಞೆಗಿಲ್ಲ. ಅರ್ಜಿಯನ್ನು ಅವನೇ ಹಾಕಬೇಕೆಂದೂ ಇಲ್ಲ. ಹೆಂಡತಿ, ತಂದೆ, ಗೆಳೆಯ, ಯಾರು ಬೇಕಾದರೂ ಹಾಕಬಹುದು. ಕತ್ತಲ ಕೋಣೆಯಲ್ಲಿರುವವನು ತಾನೇ ಬಂದು ಅರ್ಜಿ ಹಾಕಲಾರನೆಂಬ ಲೋಕಜ್ಞಾನ ಅದನ್ನು ರೂಪಿಸಿದವರಿಗಿತ್ತು. ನಮ್ಮ ಸಂವಿಧಾನ ಈ ಆಜ್ಞೆಯನ್ನು ಹೊರಡಿಸುವ ಶಕ್ತಿಯನ್ನು 32ನೆಯ ವಿಧಿಯಿಂದ ಸರ್ವೋಚ್ಚ ನ್ಯಾಯಾಲಯಕ್ಕೂ 226ನೆಯ ವಿಧಿಯಿಂದ ಉಚ್ಚ ನ್ಯಾಯಾಲಯಗಳಿಗೂ ಕೊಟ್ಟಿತು. 32ನೆಯ ವಿಧಿಯೇ ಸಂವಿಧಾನದ ಆತ್ಮ, ಅದರ ಹೃದಯ ಎಂದು ಡಾ. ಅಂಬೇಡ್ಕರ್ ಅವರು 1948ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆಯಲ್ಲಿ ಹೇಳಿದ್ದುಂಟು.

ಆದರೆ ಅದೇ ಸಭೆಯಲ್ಲಿ ಎರಡು ಬಿರುಕುಗಳೂ ಬಿದ್ದವು. ಎರಡರ ಕಥೆಯಲ್ಲಿಯೂ ನಮ್ಮ ಕರಾವಳಿಯವರೊಬ್ಬೊಬ್ಬರು ಕಾಣಿಸಿಕೊಳ್ಳುತ್ತಾರೆ. ಜೀವವನ್ನೂ ಸ್ವಾತಂತ್ರ್ಯವನ್ನೂ ಕಾಯುವ ವಿಧಿಯಲ್ಲಿ ಮೊದಲು ಇದ್ದದ್ದು, ನ್ಯಾಯಸಮ್ಮತವಾದ ವಿಧಾನವನ್ನು ಅನುಸರಿಸದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಕೂಡದು ಎಂಬರ್ಥದ, ಅಮೆರಿಕದಿಂದ ತಂದ ಮಾತು. ಸಂವಿಧಾನದ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡದ ಬೆನೆಗಲ್ ಮನೆತನದ ನರಸಿಂಗ ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ಮಾತಿನ ನೆಪದಲ್ಲಿ ನ್ಯಾಯಾಧೀಶರು ಜನಪ್ರತಿನಿಧಿಗಳ ಶಾಸನಗಳನ್ನು ತಳ್ಳಿಹಾಕಲು ಎಡೆಯಾಗುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ. ಕರಡು ಸಮಿತಿ ಆ ಮಾತನ್ನು ಬಿಟ್ಟು, ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬ ಜಪಾನೀ ಸಂವಿಧಾನದ ಮಾತನ್ನು ಹಾಕಿತು. ರಾಯರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜಮೀನ್ದಾರಿಯನ್ನು ರದ್ದುಮಾಡಬೇಕಾದ ದೇಶ, ನ್ಯಾಯಾಧೀಶರ ಕೈಯಲ್ಲಿ ಸಿಕ್ಕಿಬೀಳಬಾರದೆಂಬ ಕಾಳಜಿ ಅದು. ಆದರೆ ಕಾನೂನು ಗೊತ್ತುಪಡಿಸಿದ್ದೇ ವಿಧಾನವೆಂದಾದರೆ, ಕಾನೂನೇ ಅನ್ಯಾಯದ್ದಾದಾಗ ಏನು ಗತಿ? ಕೆ. ಎಂ. ಮುನ್ಷಿಯವರು ಹಳೆಯ ಮಾತಿಗಾಗಿ ವಾದಿಸಿ ಸೋತರು.

ಎರಡನೆಯ ಬಿರುಕು ಈಗ 359 ಎಂಬ ಸಂಖ್ಯೆ ಹೊತ್ತಿರುವ ವಿಧಿ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟದಂತೆ ರಾಷ್ಟ್ರಪತಿಗಳು ಆಜ್ಞೆ ಮಾಡಬಹುದು ಎನ್ನುತ್ತಿತ್ತು ಅದು. 1949ರ ಆಗಸ್ಟಿನಲ್ಲಿ ಅದು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು ಬಿಟ್ಟು ಸುಭಾಷರ ಪಕ್ಷ ಸೇರಿದ್ದ ಹರಿ ವಿಷ್ಣು ಕಾಮತರು ಎದ್ದುನಿಂತು ಪ್ರತಿಭಟಿಸಿದರು. ಜರ್ಮನಿಯ ವೈಮಾರ್ ಸಂವಿಧಾನದಲ್ಲಿ ಇಂಥದೇ ವಿಧಿಯೊಂದಿತ್ತು, ಹಿಟ್ಲರ್ ಮೇಲೇರಿದ್ದು ಅದರ ಮೆಟ್ಟಿಲಿನಿಂದಲೇ ಎಂದು ನೆನಪಿಸಿದರು. ವಿಧಿ ಅಂಗೀಕೃತವಾದ ದಿನವನ್ನು ನಾಚಿಕೆಯ ದಿನವೆಂದು ಕರೆದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಇಪ್ಪತ್ತಾರು ವರ್ಷ ಕಳೆಯಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ರುಜು ಬಿತ್ತು. ಪಕ್ಷಾಂತರ ನಿಷೇಧದ ಮಸೂದೆಯನ್ನು ಕುರಿತ ಸಂಸತ್ತಿನ ಸಮಿತಿಯ ಕೆಲಸಕ್ಕಾಗಿ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಇವರು ಬೆಂಗಳೂರಿಗೆ ಬಂದಿದ್ದರು, ಅಲ್ಲೇ ಬಂಧಿತರಾದರು. ಜೂನ್ 27ರಂದು 14, 21, 22ನೆಯ ವಿಧಿಗಳಿಗಾಗಿ ನ್ಯಾಯಾಲಯಕ್ಕೆ ಹೋಗದಂತೆ ರಾಷ್ಟ್ರಪತಿಗಳ ಆಜ್ಞೆ ಹೊರಟಿತು. ‘ಮೀಸಾ’ ಎಂದು ಜನ ಕರೆಯುತ್ತಿದ್ದ ಆಂತರಿಕ ಭದ್ರತಾ ಶಾಸನಕ್ಕೆ ತಿದ್ದುಪಡಿಯಾಗಿ, ಬಂಧಿಸಿದ್ದೇಕೆಂಬ ಕಾರಣವನ್ನು ಬಂಧಿತನಿಗೂ ತಿಳಿಸಬೇಕಾಗಿಲ್ಲವೆಂದಾಯಿತು. ಮೀಸಾದಡಿ 34,988 ಮಂದಿ, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿ ಸೆರೆಯಾದರೆಂದು ಆಮೇಲೆ ಷಾ ಆಯೋಗ ಲೆಕ್ಕ ಕೊಟ್ಟಿತು. ಅವರಲ್ಲಿ ಜನಸಂಘದವರಿದ್ದರು, ಸಮಾಜವಾದಿಗಳಿದ್ದರು, ಮಾರ್ಕ್ಸ್‌ವಾದಿಗಳಿದ್ದರು, ಜಮಾತೆ ಇಸ್ಲಾಮಿಯವರೂ ಇದ್ದರು. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಬ್ಯಾರಕ್ಕಿನಲ್ಲಿ ಮಲಗುವಂತಾಯಿತು.

ಆಗ ನಾನು ಹೈಸ್ಕೂಲು ವಿದ್ಯಾರ್ಥಿ. ಮಾತು ಕಡಿಮೆ ಮಾಡಿ ದುಡಿಮೆ ಹೆಚ್ಚಿಸಿ ಎಂಬ ಘೋಷಣೆಯನ್ನು ಗೋಡೆಯ ಮೇಲೆ ಓದಿದ ನೆನಪಿದೆ. ಹಿರಿಯರು ಅದನ್ನು ಮೆಚ್ಚಿಕೊಂಡದ್ದೂ ನೆನಪಿದೆ. ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ, ಗುಮಾಸ್ತರು ಹತ್ತೂವರೆಗೆ ಮೇಜಿನ ಮುಂದಿರುತ್ತಾರೆ, ಇನ್ನೇನು ಬೇಕು ಎಂಬ ಸಮಾಧಾನ ಮಧ್ಯಮ ವರ್ಗದ ಮನೆಗಳಲ್ಲಿತ್ತು. ಹಸಿದವನಿಗೆ ಅನ್ನ ಮುಖ್ಯ, ಹಕ್ಕುಗಳೆಲ್ಲ ಓದಿದವರ ಹವ್ಯಾಸ ಎಂಬ ವಾದವನ್ನೂ ಕೇಳಿದ್ದೇನೆ, ಈಗಲೂ ಕೇಳುತ್ತೇನೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಅದೇ ವರ್ಷಗಳಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯಿಂದ ಕರ್ನಾಟಕದ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಅವರು ಒಡೆಯರಾದ ಬಗೆಯನ್ನು ಗಮನಿಸಬೇಕು. ಗೇಣಿದಾರ ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ. ‘ಈ ಭೂಮಿಯನ್ನು ಉಳುತ್ತಿರುವವನು ನಾನು’ ಎಂದು ಬಾಯಿಬಿಟ್ಟು ಹೇಳಿದ. ಎದುರಿಗಿದ್ದ ಧಣಿ ಉತ್ತರ ಕೊಡಬೇಕಾಯಿತು. ಅನ್ನವೂ ಅವನಿಗೆ ದೊರೆತದ್ದು ಕೇಳುವ ಹಕ್ಕಿನ ದಾರಿಯಿಂದಲೇ.

ಬಂಧಿತರು ದೇಶದ ಉದ್ದಗಲಕ್ಕೂ ಉಚ್ಚ ನ್ಯಾಯಾಲಯಗಳಲ್ಲಿ ಅರ್ಜಿ ಹಾಕಿದರು. ಸರ್ಕಾರದ ಕಡೆಯ ಆಕ್ಷೇಪ ಒಂದೇ: ರಾಷ್ಟ್ರಪತಿಗಳ ಆಜ್ಞೆಯಿರುವಾಗ ಈ ಅರ್ಜಿಗಳನ್ನು ಕೇಳುವಂತೆಯೇ ಇಲ್ಲ. ಕರ್ನಾಟಕವೂ ಸೇರಿದಂತೆ ಒಂಬತ್ತು ಉಚ್ಚ ನ್ಯಾಯಾಲಯಗಳು ಇದನ್ನು ಒಪ್ಪಲಿಲ್ಲ. ಶಾಸನದ ಮಿತಿಯೊಳಗೇ ಬಂಧನ ನಡೆದಿದೆಯೇ ಎಂದಾದರೂ ನೋಡುವ ಅಧಿಕಾರ ತಮಗಿದೆ ಎಂದವು. 1976ರಲ್ಲಿ ಬೇರೆ ಬೇರೆ ಉಚ್ಚ ನ್ಯಾಯಾಲಯಗಳ 16 ನ್ಯಾಯಾಧೀಶರಿಗೆ ವರ್ಗವಾಯಿತು. ನಮ್ಮ ಡಿ. ಎಂ. ಚಂದ್ರಶೇಖರ್ ಅವರು ಅಲಹಾಬಾದಿಗೂ ಸದಾನಂದಸ್ವಾಮಿಯವರು ಗುವಾಹಟಿಗೂ ಹೋಗಬೇಕಾಯಿತು.

ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ಮೊಕದ್ದಮೆಗೆ ‘ಅಡಿಷನಲ್ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್, ಜಬಲ್ಪುರ ವಿರುದ್ಧ ಶಿವಕಾಂತ ಶುಕ್ಲಾ’ ಎಂಬ ಹೆಸರು ನಿಂತಿದೆ. ಒಂದು ಕಡೆ ಹೆಸರಿಲ್ಲದ ಹುದ್ದೆ, ಇನ್ನೊಂದು ಕಡೆ ಹೆಸರುಳ್ಳ ಮನುಷ್ಯ. ಐವರು ನ್ಯಾಯಮೂರ್ತಿಗಳು ಕುಳಿತರು: ಮುಖ್ಯ ನ್ಯಾಯಾಧೀಶ ಎ. ಎನ್. ರಾಯ್, ಎಚ್. ಆರ್. ಖನ್ನಾ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ. ವಾದ ನಡೆಯುತ್ತಿರುವಾಗ ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. 21ನೆಯ ವಿಧಿ ಸ್ವಾತಂತ್ರ್ಯವನ್ನಷ್ಟೇ ಅಲ್ಲ, ಜೀವವನ್ನೂ ಹೇಳುತ್ತದೆ. ನಿಮ್ಮ ವಾದ ಜೀವಕ್ಕೂ ಅನ್ವಯಿಸುತ್ತದೆಯೋ? ಡೇ ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ಕಾನೂನುಬಾಹಿರವಾಗಿ ಪ್ರಾಣ ತೆಗೆದರೂ ತುರ್ತು ಪರಿಸ್ಥಿತಿ ಇರುವವರೆಗೆ ನ್ಯಾಯಾಲಯ ಏನೂ ಮಾಡುವಂತಿಲ್ಲ. ಈ ಉತ್ತರ ಕೇಳಿದ ಮೇಲೆ ತೀರ್ಪು ಇತ್ಯರ್ಥವಾಯಿತೆಂದು ಯಾರಾದರೂ ಭಾವಿಸಬಹುದಾಗಿತ್ತು. ಹಾಗಾಗಲಿಲ್ಲ. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ವಾದವನ್ನು ಎತ್ತಿಹಿಡಿದರು. ಸೆರೆಯಾಳುಗಳಿಗೆ ಸಿಗುತ್ತಿರುವ ಆರೈಕೆ ಬಹುಮಟ್ಟಿಗೆ ತಾಯಿಯ ಆರೈಕೆಯಂಥದು ಎಂದು ಬೇಗ್ ಅವರು ತಮ್ಮ ತೀರ್ಪಿನಲ್ಲಿ ಬರೆದರು.

ಖನ್ನಾ ಒಬ್ಬರೇ ಬೇರೆ ನಿಂತರು. ಮನುಷ್ಯನ ಜೀವ, ಸ್ವಾತಂತ್ರ್ಯಗಳು 21ನೆಯ ವಿಧಿ ದಯಪಾಲಿಸಿದ ಕಾಣಿಕೆಗಳಲ್ಲ. ಆ ವಿಧಿ ಇರದಿದ್ದರೂ, ಕಾನೂನಿನ ಬೆಂಬಲವಿಲ್ಲದೆ ಅವನ್ನು ಕಸಿಯುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಕಾನೂನಿನ ಆಳ್ವಿಕೆ ಎಂಬುದರ ಅರ್ಥವೇ ಅದು. ಅವರ ತೀರ್ಪಿನ ತಿರುಳು ಇಷ್ಟು. ಅದನ್ನು ಕೊಡುವ ಮೊದಲು ಹರಿದ್ವಾರದಲ್ಲಿ ಗಂಗೆಯ ದಡದಲ್ಲಿ ಕುಳಿತಿದ್ದಾಗ, ಇದರಿಂದ ತಮಗೆ ಮುಖ್ಯ ನ್ಯಾಯಾಧೀಶನ ಪದವಿ ತಪ್ಪುತ್ತದೆ ಎಂದು ತಂಗಿಗೆ ಹೇಳಿದ್ದಾಗಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮಾತು ನಿಜವಾಯಿತು. 1977ರ ಜನವರಿಯಲ್ಲಿ ಅವರ ಸರದಿಯನ್ನು ದಾಟಿ ಬೇಗ್ ಅವರನ್ನು ಆ ಪೀಠಕ್ಕೆ ಏರಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಇವು ನ್ಯಾಯಾಲಯದ ಮಾತುಗಳು. ಈ ಮಾತುಗಳಿಗೆ ಹೊರಗೆ ಏನು ಬೆಲೆ ತೆರಬೇಕಾಯಿತೆಂಬುದನ್ನು ನೋಡಬೇಕು. ತೀರ್ಪು ಹೊರಬಿದ್ದ ಮೂರು ದಿನಕ್ಕೆ, ಮೇ 1ರಂದು, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು ಪೋಲೀಸರು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣನ ಸುಳಿವಿಗಾಗಿ ಅವರನ್ನು ಹೊಡೆದು ಜರ್ಜರಿತರನ್ನಾಗಿ ಮಾಡಿದರು. ಬಂಧನ ಕಾಗದದ ಮೇಲೆ ಬಂದದ್ದು ಎಷ್ಟೋ ದಿನಗಳ ಅನಂತರ. ಆ ನಡುವಣ ದಿನಗಳಲ್ಲಿ ದಾಖಲೆಯ ಮಟ್ಟಿಗೆ ಅವರು ಎಲ್ಲಿಯೂ ಇರಲಿಲ್ಲ. ಮರುದಿನ, ಮೇ 2ರಂದು, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅವರಿಗೆ ಉಬ್ಬಸದ ರೋಗ. ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಹಿಡಿದರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾದಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಉಸಿರು ಎಳೆಯಲಾರದ ಸ್ಥಿತಿಗೆ ಬಂದಾಗ, 1977ರ ಜನವರಿ 15ರಂದು, ಪೆರೋಲಿನ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ತಾಯಿಯ ಆರೈಕೆ ಎಂಬ ಮಾತನ್ನು ಅವರ ಜೈಲು ದಿನಚರಿಯ ಪಕ್ಕದಲ್ಲಿಟ್ಟು ಓದಲು ನನಗೆ ಸಾಧ್ಯವಾಗಿಲ್ಲ.

ಈ ಹೆಸರುಗಳಾದರೂ ನಾಡಿಗೆ ತಿಳಿದವು. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಕೇರಳದ ಒಬ್ಬ ಮೇಷ್ಟರ ಕಥೆ. ಅವರ ಹೆಸರು ಟಿ. ವಿ. ಈಚರ ವಾರಿಯರ್, ಕಲ್ಲಿಕೋಟೆಯ ಸರ್ಕಾರಿ ಕಾಲೇಜಿನಲ್ಲಿ ಹಿಂದಿ ಪಾಠ ಹೇಳಿದವರು. ಮಗ ರಾಜನ್ ಅದೇ ಊರಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ. 1976ರ ಮಾರ್ಚ್ 1ರ ಬೆಳಗ್ಗೆ, ಕಲೋತ್ಸವದಿಂದ ಗೆಳೆಯರೊಡನೆ ಹಿಂದಿರುಗಿದ ಹುಡುಗನನ್ನು ನಕ್ಸಲೀಯರ ಸಂಬಂಧದ ಶಂಕೆಯಿಂದ ಪೋಲೀಸರು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ಅಲ್ಲಿಂದ ಮುಂದೆ ಸುದ್ದಿಯಿಲ್ಲ. ತಂದೆ ಪೋಲೀಸ್ ಅಧಿಕಾರಿಗಳ ಕಚೇರಿಗಳಿಗೆ ಅಲೆದರು, ಗೃಹಮಂತ್ರಿ ಕೆ. ಕರುಣಾಕರನ್ ಅವರನ್ನು ಕಂಡರು, ಮುಖ್ಯಮಂತ್ರಿಗಳನ್ನು ಕಂಡರು, ದೆಹಲಿಯವರೆಗೂ ಮನವಿಗಳನ್ನು ಬರೆದರು. ಅವರು ಕೇಳಿದ್ದು ಮಗನನ್ನು ಬಿಡಿ ಎಂದಲ್ಲ. ಎಲ್ಲಿದ್ದಾನೆ ಎಂದು. ಆ ಪ್ರಶ್ನೆಯನ್ನು ಕೇಳುವುದಕ್ಕೆಂದೇ ಇದ್ದ ಬಾಗಿಲು ಮುಚ್ಚಿತ್ತು.

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ತೆರವಾಯಿತು. 25ರಂದು ಈಚರ ವಾರಿಯರ್ ಕೇರಳ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅದೇ ದಿನ ಕರುಣಾಕರನ್ ಮುಖ್ಯಮಂತ್ರಿಯಾದರು. ರಾಜನ್ ಎಂಬುವನನ್ನು ಬಂಧಿಸಿಯೇ ಇಲ್ಲ ಎಂದು ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು. ಸಹಪಾಠಿಗಳೂ ಅಧ್ಯಾಪಕರೂ ಬಂದು ಸಾಕ್ಷ್ಯ ನುಡಿದರು. ಏಪ್ರಿಲ್ 13ರಂದು ನ್ಯಾಯಾಲಯ ತಂದೆಯ ಮಾತನ್ನು ನಂಬಿ, ಹುಡುಗನನ್ನು ತಂದು ಹಾಜರುಪಡಿಸಿ ಎಂದು ಆಜ್ಞೆ ಮಾಡಿತು. ಹದಿಮೂರು ತಿಂಗಳು ಸಿಗದ ಉತ್ತರ, ನ್ಯಾಯಾಲಯದ ಬಾಗಿಲು ತೆರೆದ ಮೇಲೆ 19 ದಿನಗಳಲ್ಲಿ ಸಿಕ್ಕಿತು. ಹುಡುಗ ಮಾತ್ರ ಸಿಗಲಿಲ್ಲ. ಶಿಬಿರಕ್ಕೆ ಒಯ್ದ ಮರುದಿನವೇ ಅವನು ಸತ್ತಿದ್ದನೆಂಬುದು ಕೊನೆಗೆ ಸರ್ಕಾರದ ಕಡೆಯಿಂದಲೇ ಹೊರಬಿತ್ತು. ಏಪ್ರಿಲ್ 25ರಂದು ಕರುಣಾಕರನ್ ರಾಜೀನಾಮೆ ಕೊಟ್ಟರು. ದೇಹವೂ ಸಿಗಲಿಲ್ಲ. ದೇಹವನ್ನು ಮುಂದೆ ತಾ ಎಂಬ ಆಜ್ಞೆಯ ಶಬ್ದಾರ್ಥ ಇಷ್ಟು ಕ್ರೂರವಾಗಿ ಇನ್ನೆಲ್ಲಾದರೂ ನೆರವೇರದೆ ಉಳಿದಿದೆಯೋ ನಾನರಿಯೆ. ಆ ತಂದೆ ಮಲಯಾಳದಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿ ಬರೆದು, 2006ರಲ್ಲಿ ತೀರಿಕೊಂಡರು.

ಆ ಅರ್ಜಿ ಹಿಂದಿನ ವರ್ಷದ ಮಾರ್ಚಿನಲ್ಲಿಯೇ ನ್ಯಾಯಾಲಯಕ್ಕೆ ಹೋಗಿದ್ದರೂ ರಾಜನ್ ಉಳಿಯುತ್ತಿರಲಿಲ್ಲವಲ್ಲ, ಮರುದಿನವೇ ಸತ್ತನಲ್ಲ ಎಂದು ಯಾರಾದರೂ ಕೇಳಬಹುದು. ಈ ಹಕ್ಕಿನ ಕೆಲಸ ಅರ್ಜಿ ಹಾಕಿದ ದಿನ ಮೊದಲಾಗುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಪೋಲೀಸ್ ಶಿಬಿರದಲ್ಲಿ ಲಾಠಿ ಎತ್ತುವವನಿಗೆ, ನಾಳೆ ಈ ಹುಡುಗ ಒಬ್ಬ ನ್ಯಾಯಾಧೀಶನ ಎದುರು ನಿಲ್ಲಬೇಕು, ಅವನ ಮೈಮೇಲಿನ ಗಾಯಕ್ಕೆ ನಾನು ಲೆಕ್ಕ ಕೊಡಬೇಕು ಎಂಬ ಅರಿವು ಇರುತ್ತದೆ. ಆ ಅರಿವೇ ಎಷ್ಟೋ ಸಲ ಕೈಯನ್ನು ತಡೆಯುತ್ತದೆ. ಕಕ್ಕಯಂನಲ್ಲಿ ಇದ್ದವರಿಗೆ ಯಾರೂ ಕೇಳುವವರಿಲ್ಲವೆಂದು ತಿಳಿದಿತ್ತು. ಒಂದು ಊರಿನಲ್ಲಿ ಯಾರೂ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಲ್ಲವೆಂದರೆ ಆ ಊರಿಗೆ ಅದು ಬೇಕಾಗಿಲ್ಲವೆಂದು ಅರ್ಥವಲ್ಲ.

ಇನ್ನು ಪರಿಹಾರದ ಕಥೆ ಚಿಕ್ಕದು. 1977ರಲ್ಲಿ ಆರಿಸಿಬಂದ ಲೋಕಸಭೆಯಲ್ಲಿ ಹೋಶಂಗಾಬಾದಿನ ಸದಸ್ಯರಾಗಿ ಕುಳಿತವರು ಮುದುಕರಾಗಿದ್ದ ಅದೇ ಎಚ್. ವಿ. ಕಾಮತರು. ಅದೇ ಲೋಕಸಭೆಯ ಕಾಲದಲ್ಲಿ, 1978ರಲ್ಲಿ, ಸಂಸತ್ತು ಸಂವಿಧಾನದ 44ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಇನ್ನು ಮುಂದೆ ಯಾವ ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ಅಮಾನತುಗೊಳಿಸುವಂತಿಲ್ಲ. ಅದೇ 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ, ಕಾನೂನು ಗೊತ್ತುಪಡಿಸಿದ ವಿಧಾನವೂ ನ್ಯಾಯವಾದದ್ದಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ನರಸಿಂಗ ರಾಯರ ಕಾಲದಲ್ಲಿ ಬಿಟ್ಟುಹೋದ ಅರ್ಥ ಹಿಂದಿನ ಬಾಗಿಲಿನಿಂದ ಒಳಗೆ ಬಂತು. 1976ರ ತೀರ್ಪು ಮಾತ್ರ ನಾಲ್ಕು ದಶಕ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಹೆಸರಿಸಿ ರದ್ದುಮಾಡಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ, ತೊಂಬತ್ತು ದಾಟಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಹಳೆಯ ತೀರ್ಪು ತಪ್ಪೆಂದು ಬರೆದವರಲ್ಲಿ ಒಬ್ಬರು ಡಿ. ವೈ. ಚಂದ್ರಚೂಡ್, ಹಳೆಯ ಪೀಠದಲ್ಲಿದ್ದ ವೈ. ವಿ. ಚಂದ್ರಚೂಡರ ಮಗ.

44ನೆಯ ತಿದ್ದುಪಡಿಯಲ್ಲಿ ಇನ್ನೊಂದು ಪ್ರಕರಣವಿದೆ, ಮೂರನೆಯದು. ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನ ನಮ್ಮ ಸಂವಿಧಾನದಲ್ಲಿ ಈಗಲೂ ಉಂಟು. ಸಲಹಾ ಮಂಡಳಿಯ ಮುಂದೆ ಒಯ್ಯದೆ ಒಬ್ಬನನ್ನು ಮೂರು ತಿಂಗಳು ಇಡಬಹುದು. ಅದನ್ನು ಎರಡು ತಿಂಗಳಿಗೆ ಇಳಿಸಿ, ಮಂಡಳಿಯನ್ನು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರ ಶಿಫಾರಸಿನಂತೆ ರಚಿಸಬೇಕೆಂದು ಆ ಪ್ರಕರಣ ಹೇಳುತ್ತದೆ. ಸಂಸತ್ತು ಒಪ್ಪಿದೆ, ರಾಷ್ಟ್ರಪತಿಗಳು 1979ರ ಏಪ್ರಿಲ್ 30ರಂದು ಅಂಕಿತ ಹಾಕಿದ್ದಾರೆ. ಜಾರಿಗೆ ಬರುವ ದಿನಾಂಕವನ್ನು ಗೊತ್ತುಮಾಡಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸುವುದಷ್ಟೇ ಬಾಕಿ. ಹೊರಡಿಸಿ ಎಂದು ತಾನು ಬಲವಂತಪಡಿಸಲಾರೆನೆಂದು ಸರ್ವೋಚ್ಚ ನ್ಯಾಯಾಲಯ 1981ರ ಡಿಸೆಂಬರಿನಲ್ಲಿ ಹೇಳಿತು. ಅಂದಿನಿಂದ ಎಲ್ಲ ಬಣ್ಣದ ಸರ್ಕಾರಗಳೂ ಬಂದುಹೋಗಿವೆ, ಮೀಸಾ ಬಂದಿಗಳಾಗಿದ್ದವರು ಮಂತ್ರಿಗಳೂ ಪ್ರಧಾನಿಗಳೂ ಆಗಿದ್ದಾರೆ. ಆ ಅಧಿಸೂಚನೆ ಇನ್ನೂ ಹೊರಟಿಲ್ಲ.